ಮೊದಲ ಏನ ಬೀಸಿದ್ರಿ?

ಬೆಟಗೇರಿ ನೇಕಾರ ಓಣ್ಯಾಗ
ಹತ್ತು ಎಚ್‌ಪಿ ಮೋಟಾರಿನ ಹಿಟ್ಟಿನ ಗಿರಣಿ ನಂದು.
ಮಗ್ಗದ ಸಪ್ಪಳ, ನನ್ನ ಪಟ್ಟಾದ ಸಪ್ಪಳ
ಜಗಳಾಡಕೋತ ಹನ್ನೊಂದು ವರ್ಷ
ಒಂದಕ್ಕೊಂದು ಹೊಂದಿಕೊಂಡಾವ.
ಸಂಜಿಗೆ ಹುಬ್ಬೆಲ್ಲ ಬೆಳ್ಳಗಾಗಿ ನಾನೊಬ್ಬ ಮುದುಕಿ,
ಮಾರಿ ತೊಳಕೊಂಡ್ರ ಮತ್ತ ನಲವತ್ತೆರಡು.

ಹೋದ ವರ್ಷ ದೀಪಾವಳಿ ಮುಂದ
ಡಬ್ಬಿ ಸಾಲು ಗಿಡ್ಡ ಆತು.
ಕರೆಂಟ್ ಕಂಬದ ತನಕ ಇರ್ತಿದ್ದದ್ದು
ಕಟ್ಟಿ ಮ್ಯಾಲ ಮೂರು ಡಬ್ಬಿ, ಒಂದು ಚೀಲ.
ಚೀಲ ನಮ್ಮ ನಾದಿನಿದು.

ಅಕ್ಕನ ಮಗ ಕುಬೇರ ಬಂದ.
"ಚಿಗವ್ವ, ನಿಂದು ಮಾರ್ಕೆಟಿಂಗ್ ಇಲ್ಲ" ಅಂದ,
ಡಾಕ್ಟರು ಮೈಯಾಗ ರಕ್ತ ಇಲ್ಲ ಅಂದಂಗ.
ಫ್ಲೆಕ್ಸ್ ಮಾಡಿಸಿ ತಂದ, ಎಂಟಡಿ ಉದ್ದ,
ನಾನು ಕೈ ಮುಗದು ನಿಂತೀನಿ,
ಹಿಂದ ಯಾವ ದೇಶದ್ದೋ ಗೋಧಿ ಹೊಲ.
ನಾ ಹಂಗ ಯಾವತ್ತೂ ನಕ್ಕಿಲ್ಲ ಅಂದ್ರ
"ನಗಿ ಕಂಪ್ಯೂಟರದಾಗ ಹಚ್ಚೇವಿ" ಅಂದ.
ಮೂರು ಸಾವಿರದ ಆರುನೂರು.
ಹಾದು ಹೋಗೋರು ನಿಂತು ನೋಡಿದ್ರು,
"ಯಾವ ವಾರ್ಡಿಗೆ ನಿಂತೀಯವಾ?" ಅಂದ್ರು.
ಡಬ್ಬಿ ಯಾರೂ ತರಲಿಲ್ಲ.

ಕಿಲೋಕ್ಕ ಒಂದು ರೂಪಾಯಿ ಇಳಿಸಿದೆ.
ಹೊಸಬರು ಇಬ್ಬರು ಬಂದ್ರು.
ಹಳಬರು, "ತೂಕದಾಗ ಏನರ ಹಿಡೀತಾಳೇನ?" ಅಂದ್ರಂತ.

ಆವಾಗ ಬಂತು ಒಂದು ಹುಡುಗಿ.
ಶಾಲಿ ಅಂಗಿ, ಒಂದು ಕಾಲುಚೀಲ ಜಾರಿ ಹಿಮ್ಮಡಕ್ಕ ಬಿದ್ದೈತಿ,
ತಲಿ ಮ್ಯಾಲ ಸ್ಟೀಲ್ ಡಬ್ಬಿ, ಐದು ಕಿಲೋ ಗೋಧಿ.
ಇಳಿಸಲಿಲ್ಲ. ಹೊತ್ತಕೊಂಡ ಕೇಳ್ತು:
"ಮೊದಲ ಏನ ಬೀಸಿದ್ರಿ?
ಕೇಳಿ ಹಾಕು ಅಂದಾಳ್ರಿ ನಮ್ಮವ್ವ.
ಹೋದ ಸಲ ಚಪಾತಿ ಮೆಂತೆ ನಾರ್ತಿದ್ವು,
ನಮ್ಮಪ್ಪ ತಾಟ ಸರಿಸಿದ."

ಮೋಟಾರು ಬಂದ್ ಮಾಡಿದೆ.
ಕರೆಂಟ್ ಇದ್ದಾಗ, ಹಾಡಹಗಲ.
ಹೌದು, ಹುಲಿಗೆವ್ವನ ಬಾಣಂತಿ ಮಗಳಿಗೆ
ಅವತ್ತ ಮೆಂತೆಹಿಟ್ಟು ಬೀಸಿದ್ದೆ.
ಒಂದು ಹಿಡಿ ಅಕ್ಕಿ ಓಡಿಸಿ ಕಲ್ಲು ಚೊಕ್ಕ ಮಾಡಬೇಕಿತ್ತು,
ಗಡಿಬಿಡಿಯಾಗ ಬಿಟ್ಟಿದ್ದೆ.
ಅದೊಂದ ದಿನಾನೋ, ಎಷ್ಟು ದಿನಾನೋ.

ಯಾರೂ ಬೈಲಿಲ್ಲ ನನಗ.
ಬೈದಿದ್ರ ಚಲೋ ಇತ್ತು.
ಡಬ್ಬಿ ಎತ್ಕೊಂಡು ಸುಮ್ಮನ ಬ್ಯಾರೆ ಓಣಿ ಹಿಡಿದ್ರು,
ಎದುರು ಸಿಕ್ಕಾಗ "ಆರಾಮದೀಯೇನ?" ಅಂತಿದ್ರು,
ನಾನು ಅವರನ್ನ ಇನ್ನೂ ಗಿರಾಕಿ ಅಂತ ಎಣಸ್ತಿದ್ದೆ.

ಕುಬೇರನ ಫ್ಲೆಕ್ಸ್ ಇಳಿಸಿ ತಿರುವಿ ಹಾಕಿದೆ.
ಹಿಂದ ಬೆಳ್ಳಗ ಚಲೋ ಜಾಗ.
ಕರೀ ಬಣ್ಣದಾಗ ಬರದೆ:
ಮುಂಜಾನೆ ಜೋಳ. ಹತ್ತಕ್ಕ ಕಲ್ಲು ಝಾಡಿಸಿ ಗೋಧಿ.
ಮಧ್ಯಾಹ್ನ ಅಕ್ಕಿ, ಕಡ್ಲಿ.
ಮೆಂತೆ, ಹುರದದ್ದು, ವಾಸನಿದ್ದು ಎಲ್ಲ ಕಟ್ಟಕಡೀಗೆ.
'ಗೊಧಿ' ಅಂತ ಬರದಿದ್ದೆ,
ಆ ಹುಡುಗಿನ ದೀರ್ಘ ಎಳದು ತಿದ್ದಿತು.

ಆಮ್ಯಾಲ ಚಪ್ಪಲಿ ಮೆಟ್ಟಿ ಬಾಗಿಲ ಬಾಗಿಲಕ ಹೋದೆ.
ಇಂದುಮತಿಬಾಯಿ ಅತ್ತಿಗೆ ಹಲ್ಲ ಇಲ್ಲಂತ,
ರೊಟ್ಟಿ ಹಿಟ್ಟು ಇನ್ನೂ ಸಣ್ಣ ಬೇಕಂತ.
ಮೆಹರುನ್ನೀಸಾ ಏಳರ ತನಕ ಮಗ್ಗದ ಮುಂದ,
"ನಿನ್ನ ಗಿರಣಿ ಬಾಗಲಾ ಎಲ್ಲಿ ಕಂಡೀನಿ,
ಬೀಗ ಕಂಡೀನಿ" ಅಂದ್ಲು.
ಮೂಲಿ ಮನ್ಯಾಕಿ ಮಾತ್ರ
"ಪಾಕೀಟ ಹಿಟ್ಟು ಬರ್ತೈತಿ, ಡಬ್ಬಿ ಯಾರ ಹೊರ್ತಾರ?" ಅಂದ್ಲು.
ಅದಕ್ಕ ಏನ ಹೇಳಬೇಕೋ ಇನ್ನೂ ತಿಳಿದಿಲ್ಲ ನನಗ.
ಚಹಾ ಕುಡದು ಬಂದೆ.

ಸಾಲು ಇನ್ನೂ ಕಂಬ ಮುಟ್ಟಿಲ್ಲ,
ಗಟಾರದ ಹಾಸುಗಲ್ಲಿನ ತನಕ ಬಂದೈತಿ.
ಬೀಗ ಈಗ ಎಂಟಕ್ಕ ಬೀಳ್ತೈತಿ.
ಕುಬೇರ ಬಂದು, "ನಿನ್ನ ಫೋಟೋ ಎಲ್ಲಿ?" ಅಂತಾನ.
ಗ್ವಾಡಿ ಕಡೆ ಮಾರಿ ಮಾಡಿ
ನಗಾಕತ್ತೇನಿ ಅಲ್ಲೆ, ಎಂಟಡಿ.

ಆ ಹುಡುಗಿಗೆ ಓದಾಕ ಬರ್ತೈತಿ, ನನಗಿಂತ ಚಲೋ.
ಆದ್ರೂ ಪ್ರತಿ ಸಲ ಡಬ್ಬಿ ಇಳಿಸೋ ಮುಂಚೆ
"ಮೊದಲ ಏನ ಬೀಸಿದ್ರಿ?" ಅಂತೈತಿ.
ನಾನು ಪಟ್ಟಾ ಮ್ಯಾಲಿನ ಕೈ ತಗದು
ಮೊದಲ ಉತ್ತರ ಹೇಳ್ತೀನಿ.