ನಾಲ್ಕನೆಯ ಗೆರೆ

ಜನವರಿಯ ಮೊದಲ ವಾರ, ಹಲ್ ಊರಿನ ಬಸ್ ಡಿಪೋದಲ್ಲಿ
ಸೂಪರ್‌ವೈಸರ್ ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು:
"ಈ ವರ್ಷದ ನಿಮ್ಮ ಗುರಿ."
ಕೆಳಗೆ ಮೂರು ಗೆರೆ.

ಬರೆದೆ, ಯೋಚಿಸದೆ:
ಡ್ರೈವಿಂಗ್ ಲೈಸೆನ್ಸು.
ರಾತ್ರಿ ಪಾಳಿಯಿಂದ ಹಗಲು ಪಾಳಿಗೆ.
ಮೂರು ಸಾವಿರ ಪೌಂಡ್ ಉಳಿತಾಯ.
ಅವಳು ತಲೆದೂಗಿ ಸಹಿ ಹಾಕಿದಳು.

ನಾಲ್ಕನೆಯದಕ್ಕೆ ಅಲ್ಲಿ ಜಾಗವಿರಲಿಲ್ಲ.
ಊಟದ ಡಬ್ಬಿಯ ಮುಚ್ಚಳದ ಒಳಮೈಗೆ
ನೀಲಿ ಮಾರ್ಕರಿನಲ್ಲಿ, ಇಲ್ಲಿ ಯಾರೂ ಓದಲಾರದ ಕನ್ನಡದಲ್ಲಿ:
ಗಾರ್ಬಟ್ ಮಾತು ಮುಗಿಸುವವರೆಗೆ ಬಾಯಿ ಮುಚ್ಚು.

ಗಾರ್ಬಟ್ ಮತ್ತು ನಾನು ಬಸ್ಸು ತೊಳೆಯುವವರು.
ಹಂಬರ್ ನದಿ ಸಮುದ್ರಕ್ಕೆ ಬಾಯಿ ತೆರೆವ ಕಡೆಯಿಂದ
ಉಪ್ಪುಮಂಜು ಬಂದು ಗಾಜಿಗೆ ಅಂಟುತ್ತದೆ.
ಮೇಲಿನ ಮಹಡಿ ಆತನದು, ಕೆಳಗಿನದು ನನ್ನದು.
ಆತನ ನಾಲಿಗೆಯ ಮೇಲೊಂದು ಬಾಗಿಲಿದೆ, ಮಳೆಗೆ ಉಬ್ಬಿದ್ದು.
"ಕ್... ಕ್..." ಎನ್ನುತ್ತಾನೆ.
"ಕಾಫಿ?" ಎನ್ನುತ್ತೇನೆ.
ತಲೆಯಾಡಿಸಿ ಸುಮ್ಮನಾಗುತ್ತಾನೆ.
ಎರಡು ವರ್ಷ ಹೀಗೆ ಕಾಫಿ ಕುಡಿಸಿದ್ದೇನೆ,
ಉಪಕಾರ ಮಾಡಿದೆನೆಂದು ಒಳಗೊಳಗೇ ಬೀಗಿದ್ದೇನೆ.

ಈ ಚಟ ರಾಣೆಬೆನ್ನೂರಿನದು.
ಅಪ್ಪನ ಬಳೆ ಅಂಗಡಿ. ಗಿರಾಕಿ ಕೈ ಚಾಚುವ ಮೊದಲೇ
"ಎರಡು-ಆರು" ಎಂದು ಅಳತೆ ಒದರುತ್ತಿದ್ದೆ.
ಒಬ್ಬಾಕೆ "ಹಸ..." ಅನ್ನುವಷ್ಟರಲ್ಲಿ
ಎರಡು ಡಜನ್ ಹಸಿರು ಬಳೆ ಹರವಿದೆ.
ಹಸುಗೂಸಿಗೆ ಕರಿಬಳೆ ಬೇಕಿತ್ತಂತೆ.
ಆಕೆ ಎದ್ದು ಹೋದಳು. ನಾವು ನಕ್ಕೆವು.
"ಎಷ್ಟು ಚುರುಕು ನಿಮ್ಮ ಹುಡುಗಿ!" ಅಂದರು ಪಕ್ಕದಂಗಡಿಯವರು.

ಮೊದಲ ವಾರ ಮೂರು ಸೆಕೆಂಡು ತಡೆದೆ.
ನಾಲ್ಕನೆಯದಕ್ಕೆ ನಾಲಿಗೆ
ಹಗ್ಗ ಹರಿದ ಕರುವಿನಂತೆ ನುಗ್ಗಿತು.
ಎರಡನೆಯ ವಾರ ಬ್ರಶ್ಶಿನಿಂದ ಬೀಳುವ ಹನಿ ಎಣಿಸಿದೆ:
ಹನ್ನೊಂದು.
ಬಾಯಿ ಮುಚ್ಚಿದರೂ ಹುಬ್ಬು ಮೇಲೇರಿ
"ಬೇಗ, ಬೇಗ" ಅನ್ನುತ್ತದೆ; ಹುಬ್ಬಿಗೂ ಪಾಠ ಹೇಳಬೇಕಾಯಿತು.

ಫೆಬ್ರವರಿಯಲ್ಲಿ ಪೂರ್ತಿ ಸೋತೆ.
ಕೊರೆವ ಚಳಿ, ಹದಿನಾಲ್ಕು ಬಸ್ಸು ಬಾಕಿ,
ಮನೆಯಲ್ಲಿ ಗಂಡನ ಜೊತೆ ಅರ್ಧಕ್ಕೆ ನಿಂತ ಜಗಳ.
ಆತನ "ಕ್" ಹುಟ್ಟುವ ಮೊದಲೇ ಲೋಟ ಕೈಗಿಟ್ಟೆ.
ಬೆಳಗ್ಗೆ ಡಬ್ಬಿ ಉಜ್ಜುವಾಗ ಅಕ್ಷರವೂ ಹೋಯಿತು.
ಅಗ್ಗದ ಶಾಯಿ. ದಿನಾ ಅಳಿಸುತ್ತದೆ,
ದಿನಾ ಬರೆಯಬೇಕು.
ಗಟ್ಟಿ ಶಾಯಿಯದು ಕೊಳ್ಳಬಹುದಿತ್ತು.
ಕೊಳ್ಳಲಿಲ್ಲ.

ಏಪ್ರಿಲ್. ಬೆಳಗಿನ ಜಾವ ನಾಲ್ಕು.
"ಕ್..."
ಒಂದು ಹನಿ.
"ಕ್... ಕ್..."
ಹೊರಗೆ ಕಡಲಹಕ್ಕಿಯೊಂದು ಕೂಗಿ ಮುಗಿಸಿತು.
ಇಪ್ಪತ್ತೆರಡು, ಇಪ್ಪತ್ಮೂರು,
ಎಣಿಕೆ ತಪ್ಪಿತು, ಬಿಟ್ಟೆ.
"ಕ್ಯಾಥ್ಲೀನ್," ಎಂದ. "ನನ್ನ ಮಗಳು.
ನಿನ್ನ ಹಾಗೇ ಬಟ್ಟೆ ಹಿಂಡ್ತಿದ್ದಳು,
ಎ... ಎಡಗೈಲಿ."

ಹಿಂಡುತ್ತಿದ್ದಳು.
ಆ ಕೊನೆಯ ಅಕ್ಷರಕ್ಕೆ ಜೋತುಬಿದ್ದು
ಒಂದು ಪ್ರಶ್ನೆ ಗಂಟಲವರೆಗೂ ಬಂತು.
ಅದನ್ನೂ ನುಂಗಿದೆ.
ಆತ ಹೇಳುವಾಗ ಹೇಳಲಿ.

ಇನ್ನೊಂದು ಬಸ್ಸು ತೊಳೆದ ಮೇಲೆ, ಮೆಟ್ಟಿಲಿಳಿಯುತ್ತ:
"ಮತ್ತೆ, ನನಗೆ ಕಾ... ಕಾಫಿ ಸೇರೋದಿಲ್ಲ."

ಇಬ್ಬರೂ ನಕ್ಕೆವು, ಬಕೆಟ್ಟು ಉರುಳುವಷ್ಟು.
ಆತನ ನಗುವಿಗೆ ತೊದಲಿಲ್ಲ.

ಡಿಸೆಂಬರಿನಲ್ಲಿ ಹಾಳೆ ಮತ್ತೆ ಮೇಜಿಗೆ ಬಂತು.
ಲೈಸೆನ್ಸು: ಎರಡು ಸಲ ಫೇಲು.
ಉಳಿತಾಯ: ಏಳುನೂರ ಹತ್ತು.
ಪಾಳಿ: ಅದೇ ರಾತ್ರಿ.
ಸೂಪರ್‌ವೈಸರ್ ಕನ್ನಡಕ ತೆಗೆದಳು.
"ಅಂದರೆ ಈ ವರ್ಷ ನೀನು..."
"ಏನೂ ಸಾಧಿಸಲಿಲ್ಲ," ಎಂದೆ ನಾನೇ,
ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಬೇರೇನೋ ಹೇಳುವುದರಲ್ಲಿದ್ದಳೇನೋ.
ಹೇಳಲಿಲ್ಲ. ಹಾಳೆ ಮಡಚಿಟ್ಟಳು.

ಮನೆಗೆ ಬಂದು ಮುಚ್ಚಳ ತೆರೆದೆ,
ಸೋಪಿನ ವಾಸನೆ, ಖಾಲಿ ಸ್ಟೀಲು, ಅದರಲ್ಲಿ ನನ್ನ ಮೂಗು.
ಮಾರ್ಕರ್ ಹುಡುಕಿದೆ.
ಈ ಸಲ ಗಾರ್ಬಟ್‌ನ ಹೆಸರು ಬಿಟ್ಟೆ,
ಆ ಜಾಗದಲ್ಲಿ ಯಾರ ಹೆಸರೂ ಬರೆಯಲಿಲ್ಲ.