ಈಗ ತೊಳೆಯಿರಿ

ಸುಮುಖ ಡಬ್ಬ ತೆರೆದಾಗ ಒಳಗೆ ನಲವತ್ತೆರಡು ಜನ.
ಎಲ್ಲರೂ ಬೂದು. ಅರ್ಧ ಬೆರಳುದ್ದದ ಸಿಟ್ಟು.
"ಅತ್ತೆ, ನಿನ್ನ ಕೈ ನಡುಗಲ್ಲ, ನೀನೇ ಬಣ್ಣ ಹಚ್ಚು" ಅಂದ.

ನಡುಗಲ್ಲ, ನಿಜ.
ಧನ್ವಂತರಿ ರಸ್ತೆಯ ಮೂರನೇ ಮಹಡಿಯಲ್ಲಿ
ಹದಿನೇಳು ವರ್ಷದಿಂದ ಹಲ್ಲು ಮಾಡುತ್ತೇನೆ
ಕಂಡವರ ಬಾಯಿಗೆ. ಒಬ್ಬರನ್ನೂ ಕಂಡಿಲ್ಲ.
ಬಣ್ಣ ಹಚ್ಚಿದ್ದು ಅಂತ ಯಾರಿಗೂ ತಿಳಿಯಬಾರದು,
ತಿಳಿದರೆ ಇನಾಯತ್ ಸರ್ ವಾಪಸ್ ಕೊಡುತ್ತಾರೆ.

ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ
ಗುರುವನ್ನು ಕೂರಿಸಿದೆ.
ಕೆಂಪು ಗಡ್ಡ, ಬೋಳುತಲೆ, ಯಾವ ದೇಶದವನೋ.
ಮುಖಕ್ಕಿಂತ ಅವನ ಹೆಬ್ಬೆರಳ ಉಗುರೇ ನನಗೆ ಪರಿಚಯ:
ಕುಂಚದ ಮೊನೆಯನ್ನು ಅದರ ಮೇಲೆ ತಿರುವಿ ನೋಡುತ್ತಾನೆ,
ನಾನೂ ಹಾಗೇ ನೋಡುವುದು, ಯಾರೂ ಕಲಿಸಿರಲಿಲ್ಲ.
ಅವನ ಇಂಗ್ಲಿಷು ರೈಲು.
ಅರ್ಧ ವೇಗಕ್ಕೆ ಇಳಿಸಿದರೆ ಕುಡಿದವನ ಹಾಗೆ ಎಳೆಯುತ್ತಾನೆ.
ಕೆಳಗೆ ತಾನಾಗಿ ಮೂಡುತ್ತದೆ ಯಂತ್ರದ ಕನ್ನಡ:
"ನಿಮ್ಮ ಬಣ್ಣಗಳನ್ನು ಸಣಕಲು ಮಾಡಿ."
ಅರ್ಥವಾಯಿತು, ನೀರು ಬೆರೆಸು.

ಪ್ರೈಮರ್ ಬಯಲಲ್ಲೇ ಹೊಡೆಯಬೇಕಂತೆ. ಆಷಾಢದ ಗಾಳಿ.
ಕುಂಬಾರಕೊಪ್ಪಲಿನ ನಮ್ಮ ತಾರಸಿ ಮೇಲೆ
ಸೈನ್ಯವನ್ನು ರಟ್ಟಿಗೆ ಅಂಟಿಸಿ ನಿಲ್ಲಿಸಿ
ಬುಸ್ ಅನಿಸಿದೆ.
ಕಾಲು ಭಾಗ ಅವರ ಮೇಲೆ,
ಉಳಿದದ್ದು ಕೆಂಪಾಜಮ್ಮನ ಬಿಳಿ ಲಂಗದ ಮೇಲೆ.
ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಬಂದು
"ಎಲ್ಲಿ, ತೋರಿಸು ನಿನ್ನ ಇಲಿಮರಿಗಳನ್ನ" ಅಂದರು.

ಹನ್ನೊಂದನೇ ನಿಮಿಷಕ್ಕೆ ಪರದೆ ಹೇಳಿತು:
"ಈಗ ತೊಳೆಯಿರಿ."
ಎರಡು ಸಂಜೆ ಕೂತು ಪೋಸ್ಟರ್ ಬಣ್ಣ ಬಳಿದಿದ್ದ ಈಟಿಯವನನ್ನು
ನಲ್ಲಿ ಕೆಳಗೆ ಹಿಡಿದೆ.
ಹಳೇ ಟೂತ್‌ಬ್ರಷ್ಷಿಂದ ಉಜ್ಜಿದೆ ಕೂಡ.
ಅವನ ನೀಲಿ ಅಂಗಿ, ಕಂದು ಗಡ್ಡ,
ಆಗಷ್ಟೇ ಬಂದಿದ್ದ ಕೆನ್ನೆಯ ಕೆಂಪು,
ಎಲ್ಲವನ್ನೂ ಕರೆದುಕೊಂಡು ಕಾವೇರಿ ನೀರು
ಸಿಂಕಿನ ತೂತಿಗೆ ಇಳಿಯಿತು.

ಸುಮುಖ ನೋಡಿ ನೆಲಕ್ಕೆ ಬಿದ್ದು ನಕ್ಕ.
"ತೊಳೆಯೋದಲ್ಲ ಅತ್ತೆ, ಅದು ಕಪ್ಪು ನೀರು.
ಮೈಮೇಲೆ ಬಿಟ್ಟರೆ ತಗ್ಗು ಹುಡುಕಿಕೊಂಡು ತಾನೇ ಹೋಗಿ ಕೂರುತ್ತೆ,
ಕಂಕುಳು, ಅಂಗಿಯ ಮಡಿಕೆ, ಬಾಯಿಯ ಮೂಲೆ."
ತಿಳಿಸಾರಿನ ಥರ?
"ಹೂಂ, ತಿಳಿಸಾರಿನ ಥರ."
ಅಷ್ಟು ಹೇಳಿದ್ದರೆ ಸಾಕಿತ್ತು ಗುರು.

ಕಣ್ಣಲ್ಲಿ ಸೋತೆ.
ಒಬ್ಬ ತನ್ನ ನೆತ್ತಿ ನೋಡಿದ,
ಒಬ್ಬ ಪಕ್ಕದವನ ತಟ್ಟೆಗೆ ಇಣುಕುವವನಂತಾದ.
ಒಬ್ಬಳಿಗೆ ಹುಬ್ಬು ಕೆನ್ನೆಗೆ ಬಂತು.
"ಆಗದಿದ್ದರೆ ಬಿಡಿ, ನೆರಳು ಸಾಕು" ಅನ್ನುವಷ್ಟರಲ್ಲಿ
ಜಾಹೀರಾತು, ಟೂತ್‌ಪೇಸ್ಟಿನದು,
ತಟ್ಟೆಯಲ್ಲಿ ಬಣ್ಣ ಒಣಗಿತು.

ಕಡೆಗೆ ಉಳಿದವನು ರಾಕ್ಷಸ, ಅಂಗೈಯಷ್ಟು,
ಬಾಯಿ ತೆರೆದುಕೊಂಡೇ ಹುಟ್ಟಿದವನು.
ಅವನ ಹಲ್ಲಿಗೆ ಗುರು ಕೊಟ್ಟಿದ್ದು ಆರು ಸೆಕೆಂಡು:
"ಬಿಳಿ ಹಚ್ಚಿ. ಮುಗಿಯಿತು."

ವಿಡಿಯೋ ನಿಲ್ಲಿಸಿದೆ.
ಬಿಳಿಯಂತೆ!
ಹಲ್ಲು ಎಲ್ಲಾದರೂ ಬಿಳಿ ಇರುತ್ತದಾ?
ಬುಡಕ್ಕೆ ತುಪ್ಪದ ಹಳದಿ, ನಡುವೆ ಮಜ್ಜಿಗೆ,
ತುದಿಗೆ ಮೂರನೇ ಸಲ ಅಕ್ಕಿ ತೊಳೆದ ನೀರು.
ಬಾಚಿಹಲ್ಲಿಗೆ ಕೂದಲೆಳೆಯ ಒಂದು ಬಿರುಕು.
ಎಡಗಡೆ ಕೋರೆಗೆ ಎಲೆಯಡಿಕೆಯ ಕರೆ,
ರಿಟೈರಾದ ಕಂಡಕ್ಟರ್ ಪುಟ್ಟಮಾದಯ್ಯನವರಿಗೆ ಮಾಡಿದ್ದಂಥದ್ದೇ.
"ಹೊಸದು ಹಳೇದರ ಹಾಗೇ ಇರಲಿ,
ಇಲ್ಲದಿದ್ರೆ ನಮ್ಮನೆಯವಳು ನಗ್ತಾಳೆ" ಅಂತ
ಟಿಕೆಟ್ಟಿನ ಹಿಂದೆ ಬರೆದು ಕಳಿಸಿದ್ದರು.
ರಾತ್ರಿ ಒಂದೂವರೆ ಆಗಿತ್ತು.
ಗುರು ಬಾಯಿ ಅರ್ಧ ತೆರೆದು ಕಾಯುತ್ತಿದ್ದ.

ಭಾನುವಾರ ಸುಮುಖನ ಗೆಳೆಯರು ಬಂದರು, ದಾಳ ಉರುಳಿತು.
ತೊಳೆದವನನ್ನು ಕೋಟೆ ಬಾಗಿಲಿಗೆ ನಿಲ್ಲಿಸಿದರು,
ಮುಖವಿಲ್ಲದೆಯೂ ಸಂಜೆವರೆಗೆ ನಿಂತ.
ರಾಕ್ಷಸ ಎರಡನೇ ಸರದಿಗೇ ಸತ್ತ.
ಡಬ್ಬಕ್ಕೆ ಹಾಕುವ ಮುನ್ನ ಒಬ್ಬ ಹುಡುಗ, ದಪ್ಪ ಕನ್ನಡಕದವನು,
ಅವನನ್ನು ಕಿಟಕಿಯ ಬೆಳಕಿಗೆ ಹಿಡಿದ.
ಏನೂ ಹೇಳಲಿಲ್ಲ.
ತನ್ನ ನಾಲಿಗೆಯನ್ನು ಮೆಲ್ಲಗೆ
ತನ್ನದೇ ಹಲ್ಲಿನ ಮೇಲೆ ಆಡಿಸಿಕೊಂಡ.