ಮುಹರ್ರಕ್‌ನಲ್ಲಿ ಹಮ್ಮಬ್ಬ ತೋರಿಸಿದ್ದು

ಮ್ಯೂಸಿಯಂ ನೀನೇ ನೋಡಿಕೋ, ಅದು ಎಲ್ಲಿಗೂ ಓಡುವುದಿಲ್ಲ,
ಎಂದರು ಹಮ್ಮಬ್ಬ, ಶಟರ್ ಅರ್ಧಕ್ಕೆ ಎಳೆದು,
ಕೊರಳಲ್ಲಿ ಟೇಪು ಹಾಗೇ ಬಿಟ್ಟು.
ಶುಕ್ರವಾರ, ಅಸರ್ ನಮಾಜು ಮುಗಿದ ಹೊತ್ತು.
ಉಚ್ಚಿಲದ ದರ್ಜಿ ಅವರು, ಇಲ್ಲಿಗೆ ಬಂದು ಮೂವತ್ತೊಂಬತ್ತು ವರ್ಷ.
ನಾನು ನರಗುಂದದವಳು, ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸ,
ಬಂದು ನಲವತ್ತು ದಿನ.
ಮಲಪ್ರಭೆಯ ಕಾಲುವೆಗಿಂತ ದೊಡ್ಡ ನೀರು
ಕಂಡದ್ದೇ ವಿಮಾನದ ಕಿಟಕಿಯಿಂದ.

ಮೊದಲು ಒಂದು ಗೋಡೆ.
ಗಾರೆ ಉದುರಿದಲ್ಲಿ, ಮೊಣಕಾಲೆತ್ತರಕ್ಕೆ,
ಕಪ್ಪೆಚಿಪ್ಪು, ಶಂಖದ ಮರಿ, ತೂತು ತೂತು ಹವಳದ ಕಲ್ಲು.
ಕೈ ಇಡು, ಎಂದರು. ಇಟ್ಟೆ.
ಆಗಷ್ಟೇ ನಿಂತ ಗಿರಣಿಯ ಕಲ್ಲಿನಷ್ಟು ಬೆಚ್ಚಗೆ.
ನೆಕ್ಕಿದರೆ ಈಗಲೂ ಉಪ್ಪು ಉಂಟು, ಎಂದರು.
ನೀವು ನೆಕ್ಕಿದ್ದೀರಾ?
ಅವರು ಮುಂದೆ ನಡೆದರು.

ಆಮೇಲೆ ಓಣಿ. ಇಬ್ಬರು ಎದುರಾದರೆ
ಒಬ್ಬರು ಸಲಾಂ ಹೇಳಿ ಗೋಡೆಗಂಟಬೇಕು.
ಎರಡೂ ಕಡೆ, ಸೊಂಟದ ಮಟ್ಟದಲ್ಲಿ, ಬಿಳಿ ಗೀರು:
ತೊಂಬತ್ನಾಲ್ಕರಲ್ಲಿ ಒಂದು ಫ್ರಿಜ್ ಸಿಕ್ಕಿಬಿದ್ದಿತ್ತಂತೆ.
ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.
ಯಾರೋ ಕಿಟಕಿಯಿಂದ ವಯರು ಎಳೆದರು,
ಎರಡು ದಿನ ಇಡೀ ಓಣಿ ತಣ್ಣಗೆ ನೀರು ಕುಡಿಯಿತು.
ಇದನ್ನು ಯಾರು ಬೋರ್ಡು ಹಾಕಿ ತೋರಿಸುತ್ತಾರೆ, ಹೇಳು?

ಗಾಳಿಗೋಪುರದ ಬುಡದಲ್ಲಿ ಏಸಿ ಸೋರುತ್ತಿತ್ತು,
ಅದರ ಕೆಳಗೆ ಹಾಲಿನ ಪುಡಿಯ ಡಬ್ಬ,
ಡಬ್ಬದ ಅಂಚಿಗೆ ಒಂದು ಪಿಕಳಾರ.

ಇನ್ನೊಂದು ಗೋಡೆಯಲ್ಲಿ ಕಬ್ಬಿಣದ ಬಳೆ, ತುಕ್ಕು ತಿಂದು ಅರ್ಧ ಉಳಿದದ್ದು.
ದೋಣಿ ಕಟ್ಟುತ್ತಿದ್ದರು ಇದಕ್ಕೆ.
ಸಮುದ್ರ ಹುಡುಕಿದೆ:
ಪೆಟ್ರೋಲ್ ಬಂಕು, ಅದರಾಚೆ ರಸ್ತೆ, ಅದರಾಚೆ ಮತ್ತೊಂದು ರಸ್ತೆ.
ಮಣ್ಣು ತುಂಬಿ ತುಂಬಿ ದೂಡಿಬಿಟ್ಟರು ಮಾರಾಯ್ತಿ.
ಬಳೆಗೆ ಈಗ ಯಾರದೋ ಮಗುವಿನ ಸೈಕಲ್ಲು, ಬೀಗ ಹಾಕಿ.

ಮುತ್ತಿನ ವ್ಯಾಪಾರಿಯ ಬಾಗಿಲು ತೋರಿಸುತ್ತೇನೆಂದು
ಮೂರು ತಿರುವು ಸುತ್ತಿಸಿದರು. ಬಾಗಿಲು ಇರಲಿಲ್ಲ.
ಹೊಸ ಪ್ಲೈವುಡ್ಡು, ಮೊಳೆಯ ತಲೆಗಳು ಇನ್ನೂ ಹೊಳೆಯುತ್ತ.
ಹೋದ ವಾರ ಇತ್ತು, ಎಂದು ಬ್ಯಾರಿ ಭಾಷೆಯಲ್ಲಿ ಏನೋ ಬೈದು,
ಪ್ಲೈವುಡ್ಡಿನ ಮೇಲೆಯೇ ಬೆರಳಿಂದ ಬರೆದು ತೋರಿಸಿದರು:
ಇಲ್ಲೊಂದು ಹೂವು, ಎಂಟು ದಳ,
ಇಲ್ಲಿ ಬಾಗಿಲೊಳಗೊಂದು ಚಿಕ್ಕ ಬಾಗಿಲು,
ತಲೆ ತಗ್ಗಿಸದೆ ಯಾರೂ ಒಳಗೆ ಹೋಗುವ ಹಾಗಿಲ್ಲ.
ನನಗೇ ತಿಳಿಯದೆ ಬಗ್ಗಿದೆ.

ಸಿಮೆಂಟು ನೆಲದಲ್ಲಿ ನಾಲ್ಕು ಬೋಲ್ಟು.
ಟೆಲಿಫೋನ್ ಡಬ್ಬಿ ಇತ್ತು ಇಲ್ಲಿ,
ಶುಕ್ರವಾರ ಕ್ಯೂ ಹಲ್ವಾ ಅಂಗಡಿಯವರೆಗೆ.
ಎಂಬತ್ತೊಂಬತ್ತರಲ್ಲಿ ಅವರು ನಿಂತದ್ದು ಇಲ್ಲೇ.
ಹೆಣ್ಣು, ಎಂದು ಕೇಳಿಸಿತು.
ಹೆಸರು ಕೇಳುವಷ್ಟರಲ್ಲಿ ನಾಣ್ಯ ಮುಗಿಯಿತು.
ಕಾಗದ ಬರಲು ಹತ್ತೊಂಬತ್ತು ದಿನ.
ಅಷ್ಟು ದಿನ ಹೊಲಿದ ಒಂದೊಂದು ಅಂಗಿಗೂ ಒಂದೊಂದು ಹೆಸರಿಟ್ಟೆ.
ಗಿರಾಕಿಗಳಿಗೆ ಎಂತ ಗೊತ್ತು,
ಜುಬೇದಾಳನ್ನು ತೊಟ್ಟು ತಿರುಗಿದರು, ಸಕೀನಾಳನ್ನು ತೊಟ್ಟು ತಿರುಗಿದರು.
ಕೊನೆಗೆ ಯಾವ ಹೆಸರು?
ಮೈಮೂನ. ಅದೊಂದು ನನಗೆ ಹೊಳೆದೇ ಇರಲಿಲ್ಲ.

ಕತ್ತಲಾಯಿತು. ಶಟರ್ ಎತ್ತಿ, ಕೊನೆಯದು ಒಂದುಂಟು, ಎಂದರು.
ಮೇಲಿನ ಹಲಗೆಯಲ್ಲಿ ಬಟ್ಟೆಯ ಕಟ್ಟುಗಳು, ಚೀಟಿ ಸಮೇತ:
ಹೊಲಿಸಿ, ಒಯ್ಯದೇ ಹೋದವರದು.
ಬೂದು ಸಫಾರಿ ಸೂಟು, ತೊಂಬತ್ತರ ಜುಲೈ.
ಕುವೈತಿಗೆ ಹೋಗಿ ತಿಂಗಳಲ್ಲಿ ಬರುತ್ತೇನೆ
ಎಂದಿದ್ದನಂತೆ ಬೈಂದೂರಿನ ವಾಮನ.
ವರ್ಷಕ್ಕೊಮ್ಮೆ ಬಿಚ್ಚಿ, ಬಿಸಿಲಿಗೆ ಹಾಕಿ, ನುಸಿಗುಳಿಗೆ ಬದಲಿಸುತ್ತಾರೆ.
ಹೊಲಿಗೆ ಮಗುಚಿ ತೋರಿಸಿದರು:
ಒಳಗೆ ಎರಡು ಇಂಚು ಬಟ್ಟೆ ಬಿಟ್ಟಿದ್ದೇನೆ.
ಬರುವಾಗ ಹೊಟ್ಟೆ ಬಂದಿರ್ತದಲ್ಲ.